ಗೋಡೆಯೊಳಗಿನ ಸೊನ್ನೆಯ ಗೆರೆ

ಮಿಸಿಸಿಪ್ಪಿ ಮಹಾನದಿಯು ಕಿರುತೊರೆಯಾಗಿ ಹುಟ್ಟಿ ಹರಿಯತೊಡಗುವ ಮಿನೆಸೋಟ ರಾಜ್ಯಕ್ಕೆ ಉದ್ಯೋಗನಿಮಿತ್ತ ಹೊರಟುನಿಂತ ನಮ್ಮ ಕಡೆಯ ಎಂಜಿನಿಯರನಿಗೆ ಬಂಧುಗಳೂ ಮಿತ್ರರೂ ಹೇಳಿ ಕಳುಹಿಸುವ ಬುದ್ಧಿಮಾತುಗಳೆಲ್ಲವೂ ಸಾಮಾನ್ಯವಾಗಿ ಚಳಿಯನ್ನು ಕುರಿತವೇ ಆಗಿರುತ್ತವೆ. ಉಣ್ಣೆಯ ಅಂಗಿ, ಕಿವಿ ಮುಚ್ಚುವ ಟೋಪಿ, ಮೊಣಕಾಲಿನವರೆಗೆ ಇಳಿಯುವ ಕೋಟು ಇವುಗಳ ಚರ್ಚೆಯಲ್ಲಿಯೇ ಪ್ರಯಾಣದ ಹಿಂದಿನ ದಿನಗಳು ಕಳೆದುಹೋಗುತ್ತವೆ. ಚಳಿ ಅಲ್ಲಿ ಅಲ್ಪವಾದುದೇನೂ ಅಲ್ಲ. ನಮ್ಮಲ್ಲಿ ಮನೆಮನೆಗೂ ಎಳ್ಳು ಬೀರುವ ಸಂಕ್ರಾಂತಿಯ ಆಸುಪಾಸಿನಲ್ಲಿ ಮಿನಿಯಾಪೊಲಿಸ್ ನಗರದ ರಾತ್ರಿಯ ಉಷ್ಣತೆ ಸರಾಸರಿಯಲ್ಲಿ ಮೈನಸ್ 13 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರವಿರುತ್ತದೆ. ಆ ರಾಜ್ಯದ ಉತ್ತರಭಾಗದ ಟವರ್ ಎಂಬ ಊರಿನ ಬಳಿ 1996ರ ಫೆಬ್ರವರಿ 2ರಂದು ಉಷ್ಣತಾಮಾಪಕವು ಮೈನಸ್ 51 ಡಿಗ್ರಿಯನ್ನು ತೋರಿದ್ದುಂಟು. ಹೀಗಿದ್ದರೂ ಚಳಿಯೆಂಬುದು ಅಷ್ಟೇನೂ ಗಹನವಾದ ಶತ್ರುವಲ್ಲ. ಬಟ್ಟೆಯ ಪದರಗಳಿಂದಲೂ ಒಲೆಯ ಉರಿಯಿಂದಲೂ ಅದನ್ನು ದೂರವಿಡಬಹುದೆಂಬುದನ್ನು ಮನುಷ್ಯನು ಇತಿಹಾಸಕ್ಕೂ ಹಿಂದಿನ ಕಾಲದಲ್ಲಿಯೇ ಕಂಡುಕೊಂಡಿದ್ದಾನೆ. ಆ ನಾಡಿನಲ್ಲಿ ಮನೆ ಕೊಂಡು ಸಂಸಾರ ಹೂಡಿದವನು ಚಳಿಗಾಲದುದ್ದಕ್ಕೂ ನಿಜವಾಗಿ ವ್ಯವಹರಿಸಬೇಕಾಗಿ ಬರುವುದು ನೀರಿನೊಡನೆ.

ನಮ್ಮ ನಾಡಿನಲ್ಲಿ ನೀರು ದ್ರವವಾಗಿಯೂ ಆವಿಯಾಗಿಯೂ ಎರಡೇ ರೂಪಗಳಲ್ಲಿ ನಮಗೆ ಪರಿಚಿತ. ಅದರ ಮೂರನೆಯ ರೂಪವನ್ನು ನಾವು ಪೆಟ್ಟಿಗೆಯಲ್ಲಿ ಕೂಡಿಟ್ಟು ಪಾನಕಕ್ಕೆ ಹಾಕಿಕೊಳ್ಳುವುದುಂಟೇ ಹೊರತು, ಅದು ತಾನಾಗಿ ಬಂದು ಅಂಗಳದಲ್ಲಿ ನೆಲಸುವುದನ್ನು ಕಾಣೆವು. ಆದಕಾರಣ ಸೊನ್ನೆ ಡಿಗ್ರಿ ಎಂಬುದು ನಮ್ಮ ವಿದ್ಯಾರ್ಥಿಗೆ ಪಠ್ಯಪುಸ್ತಕದ ನಕ್ಷೆಯಲ್ಲಿನ ಒಂದು ಗೆರೆ ಮಾತ್ರ. ಮಿನೆಸೋಟದಲ್ಲಿ ಅದೇ ಗೆರೆ, ಒಳಗೆ 20 ಡಿಗ್ರಿಯ ಹಿತವಾದ ಬಿಸಿಯೂ ಹೊರಗೆ ಮೈನಸ್ 20ರ ಹಿಮವೂ ಇರತಕ್ಕ ಜನವರಿಯ ರಾತ್ರಿಯಲ್ಲಿ, ಅವನು ಮಲಗಿರುವ ಮನೆಯ ಗೋಡೆಯ ದಪ್ಪದೊಳಗೇ ಎಲ್ಲಿಯೋ ಹಾದುಹೋಗಿರುತ್ತದೆ. ಮಾಡಿನಲ್ಲಿ, ಅಂಗಳದ ಮಣ್ಣಿನಲ್ಲಿ, ತೊಟ್ಟ ಅಂಗಿಯ ಪದರಗಳಲ್ಲಿ, ಊರ ಕೆರೆಯಲ್ಲಿ, ಎಲ್ಲೆಲ್ಲಿಯೂ ಅದು ಉಂಟು. ಆ ಗೆರೆ ಈ ಹೊತ್ತು ಎಲ್ಲಿದೆ, ನೀರು ಅದನ್ನು ಯಾವ ಕಡೆಯಿಂದ ಯಾವ ಕಡೆಗೆ ದಾಟುತ್ತಿದೆ ಎಂಬೆರಡು ಸಂಗತಿಗಳನ್ನು ಅರಿತವನಿಗೆ ಅಲ್ಲಿನ ಗೃಹಕೃತ್ಯದ ಮುಕ್ಕಾಲು ಪಾಲು ಸುಲಭವಾಗುತ್ತದೆಂದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಗಾಳಿಯ ವಿಚಾರ. 20 ಡಿಗ್ರಿ ಉಷ್ಣತೆಯ ಒಂದು ಘನಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಇರಬಲ್ಲದು. ಮೈನಸ್ 20ರಲ್ಲಿ ಅದೇ ಘನಮೀಟರಿನಲ್ಲಿ ಇರಬಹುದಾದ ಆವಿ ಒಂದು ಗ್ರಾಮಿನಷ್ಟು ಮಾತ್ರ. ಹೊರಗಿನ ಗಾಳಿ ಬಾಗಿಲು ಕಿಟಕಿಗಳ ಸಂದಿಯಿಂದ ಒಳಗೆ ನುಗ್ಗಿ ಬೆಚ್ಚಗಾದಾಗ ಅದರಲ್ಲಿನ ನೀರು ಹೆಚ್ಚುವುದಿಲ್ಲ, ಆದರೆ ಅದರ ದಾಹ ಮಾತ್ರ ಹದಿನೇಳು ಪಟ್ಟು ಹೆಚ್ಚುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡ 5-6ಕ್ಕೆ ಇಳಿಯುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಘನಮೀಟರಿಗೆ ಇಪ್ಪತ್ತು ಗ್ರಾಮಿಗೂ ಮೀರಿದ ಆವಿಯನ್ನು ಉಸಿರಾಡುತ್ತ ಬೆಳೆದವನ ಮೂಗು, ತುಟಿ, ಹಿಮ್ಮಡಿಗಳು ಇಂತಹ ಗಾಳಿಯಲ್ಲಿ ಬಿರಿಯುವುದೇನಾಶ್ಚರ್ಯ? ಕೊಬ್ಬರಿ ಎಣ್ಣೆಯನ್ನು ಹಚ್ಚಿಕೊಳ್ಳುವ ಅಜ್ಜಿಯ ಪದ್ಧತಿ ಇಲ್ಲಿ ಶಾಸ್ತ್ರಸಮ್ಮತವಾದುದು. ಎಣ್ಣೆ ಚರ್ಮಕ್ಕೆ ನೀರನ್ನು ಕೊಡುವುದಿಲ್ಲ, ಚರ್ಮದೊಳಗಿರುವ ನೀರು ಹಾರಿಹೋಗದಂತೆ ತಡೆಯುತ್ತದೆ. ಆದುದರಿಂದ ಮೈ ಒರಸಿಕೊಂಡು ಒಣಗಿದ ಮೇಲೆ ಹಚ್ಚುವುದಕ್ಕಿಂತ ಸ್ನಾನವಾದ ಕೂಡಲೇ, ಚರ್ಮ ಇನ್ನೂ ತೇವವಾಗಿರುವಾಗಲೇ ಹಚ್ಚಿಕೊಳ್ಳುವುದು ಲೇಸು.

ಇದೇ ಒಣಗಾಳಿ ಮೈಯ ಮೇಲೆ ವಿದ್ಯುದಾವೇಶವನ್ನೂ ಕೂಡಿಸುತ್ತದೆ. ತೇವವಿರುವ ಗಾಳಿಯಲ್ಲಿ ವಸ್ತುಗಳ ಮೇಲ್ಮೈಗೆ ನೀರಿನ ಅತಿ ತೆಳುವಾದ ಪದರವೊಂದು ಅಂಟಿಕೊಂಡಿದ್ದು ಆವೇಶ ಮೆಲ್ಲಗೆ ಸೋರಿಹೋಗಲು ದಾರಿಯಾಗುತ್ತದೆ. ಆ ಪದರವಿಲ್ಲದಾಗ ರತ್ನಗಂಬಳಿಯ ಮೇಲೆ ನಾಲ್ಕು ಹೆಜ್ಜೆ ನಡೆದು ಬಾಗಿಲಿನ ಹಿಡಿಯನ್ನು ಮುಟ್ಟಿದವನ ಬೆರಳಿನಿಂದ ಸಾವಿರಾರು ವೋಲ್ಟಿನ ಕಿಡಿ ಹಾರುತ್ತದೆ. ಕಿಡಿಯಲ್ಲಿನ ಶಕ್ತಿ ಅತ್ಯಲ್ಪವಾದ ಕಾರಣ ಮನುಷ್ಯನಿಗೆ ಅಪಾಯವಿಲ್ಲ. ಮನುಷ್ಯನ ಬೆರಳಿಗೆ ಅರಿವೇ ಆಗದಷ್ಟು ಸಣ್ಣ ಕಿಡಿಯೂ ಸಿಲಿಕಾನ್ ಬಿಲ್ಲೆಯೊಂದನ್ನು ನಾಶ ಮಾಡಬಲ್ಲದೆಂಬುದನ್ನು ವಿದ್ಯುನ್ಮಾನ ಕೈಗಾರಿಕೆಯಲ್ಲಿ ದುಡಿಯುವವನಿಗೆ ಹೇಳಬೇಕಾಗಿಲ್ಲ. ಕಾರ್ಖಾನೆಯಲ್ಲಿ ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಳ್ಳದೆ ಕೆಲಸಕ್ಕೆ ಕೂರದವನು ಮನೆಯಲ್ಲಿಯೂ ಗಣಕಯಂತ್ರದ ಹೊಟ್ಟೆಯನ್ನು ಬಿಚ್ಚುವ ಮುನ್ನ ಅದೇ ಎಚ್ಚರವನ್ನು ವಹಿಸತಕ್ಕದ್ದು. ಇದಕ್ಕಿಂತಲೂ ನನ್ನನ್ನು ಹೆಚ್ಚಾಗಿ ನೋಯಿಸುವುದು ವಾದ್ಯಗಳಿಗೆ ಒದಗುವ ದುರವಸ್ಥೆ. ಮಗಳ ಅಭ್ಯಾಸಕ್ಕೆಂದು ಮೈಸೂರಿನಿಂದ ಜೋಪಾನವಾಗಿ ತರಿಸಿದ ವೀಣೆಯ ಹಲಸಿನ ಮರ ನಮ್ಮ ಹವೆಯ ತೇವಕ್ಕೆ ಹೊಂದಿಕೊಂಡು ಹದಗೊಂಡದ್ದು. ಒಣಗಾಳಿಯಲ್ಲಿ ಮರವು ತನ್ನೊಳಗಿನ ನೀರನ್ನು ಕಳೆದುಕೊಂಡು ಕುಗ್ಗುತ್ತದೆ, ಅದೂ ನಾರಿನ ಉದ್ದಕ್ಕಲ್ಲದೆ ಅಡ್ಡಕ್ಕೆ ಹೆಚ್ಚಾಗಿ ಕುಗ್ಗುತ್ತದೆ, ಹೀಗಾಗಿ ಬೆಸುಗೆಗಳು ಬಿಡುತ್ತವೆ, ಕೆಲವೊಮ್ಮೆ ಕೊಡವೇ ಸೀಳುತ್ತದೆ. ವೀಣೆಯಿರುವ ಕೋಣೆಯಲ್ಲಿ ಆರ್ದ್ರತಾಮಾಪಕವೊಂದನ್ನು ತೂಗುಹಾಕಿ, ಬಿಸಿಗಾಳಿಯ ಕಂಡಿಯಿಂದ ವೀಣೆಯನ್ನು ದೂರವಿಟ್ಟು, ಆ ಒಂದು ಕೋಣೆಗಾದರೂ ತೇವವನ್ನು ಒದಗಿಸುವುದು ಸಂಗೀತವನ್ನು ಪ್ರೀತಿಸುವ ಮನೆಯವರೆಲ್ಲರ ಕರ್ತವ್ಯ.

ಹಾಗಾದರೆ ಇಡೀ ಮನೆಯನ್ನೇ ತೇವಗೊಳಿಸಿದರಾಗದೆ ಎಂದು ಕೇಳಬಹುದು. ಅಂಗಡಿಯಲ್ಲಿ ಹ್ಯುಮಿಡಿಫೈಯರುಗಳು ಧಾರಾಳವಾಗಿ ಸಿಗುತ್ತವೆ. ಅದೂ ಅಲ್ಲದೆ ಸಾರು ಕುದಿಸುವ, ಅನ್ನ ಬಸಿಯುವ, ಬಿಸಿನೀರಿನಲ್ಲಿ ದೀರ್ಘಸ್ನಾನ ಮಾಡುವ ನಾಲ್ವರ ಕುಟುಂಬವೊಂದು ಉಸಿರು, ಅಡುಗೆ, ಸ್ನಾನ, ಒಗೆತಗಳಿಂದಲೇ ದಿನಕ್ಕೆ ಹತ್ತು ಲೀಟರಿನ ಆಸುಪಾಸಿನಷ್ಟು ನೀರನ್ನು ಮನೆಯ ಗಾಳಿಗೆ ಸೇರಿಸುತ್ತದೆ. ತೊಡಕು ಇಲ್ಲಿಯೇ ಪ್ರಾರಂಭವಾಗುವುದು. ಗಾಳಿಗೆ ಸೇರಿದ ನೀರು ಗಾಳಿಯಲ್ಲಿಯೇ ಇರಲೊಲ್ಲದು. 20 ಡಿಗ್ರಿಯ ಕೋಣೆಯಲ್ಲಿ ಆರ್ದ್ರತೆ ಶೇಕಡ 50 ಇದ್ದರೆ ಅದರ ಇಬ್ಬನಿ ಬಿಂದು 9 ಡಿಗ್ರಿಯ ಹತ್ತಿರ. ಎಂದರೆ ಆ ಕೋಣೆಯಲ್ಲಿ 9 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೇಲ್ಮೈಯ ಮೇಲೆ ನೀರು ಕೂರುತ್ತದೆ. ಹೊರಗೆ ಮೈನಸ್ 20 ಇರುವಾಗ ಜೋಡಿ ಗಾಜಿನ ಕಿಟಕಿಯ ಒಳಮೈಯಾದರೂ, ವಿಶೇಷವಾಗಿ ಅದರ ಅಂಚುಗಳು, ಅದಕ್ಕಿಂತ ತಣ್ಣಗಿರುತ್ತವೆ. ಮೊದಲು ಮಬ್ಬು, ತರುವಾಯ ಹನಿ, ಆ ಮೇಲೆ ಚೌಕಟ್ಟಿನ ಮೂಲೆಗಳಲ್ಲಿ ಮಂಜುಗಡ್ಡೆ, ಬಿಸಿಲು ಬಿದ್ದಾಗ ಅದು ಕರಗಿ ಮರವನ್ನು ನೆನೆಸಿ ಕರಿಯ ಬೂಷ್ಟು. ಹೊರಗಿನ ಉಷ್ಣತೆ ಮೈನಸ್ 5ರಷ್ಟಿದ್ದರೆ ಒಳಗೆ ಶೇಕಡ 35-40ರ ಆರ್ದ್ರತೆಯನ್ನು ಮನೆ ತಾಳಿಕೊಳ್ಳುತ್ತದೆ. ಮೈನಸ್ 25ರ ರಾತ್ರಿಯಲ್ಲಿ ಶೇಕಡ 20ಕ್ಕಿಂತ ಹೆಚ್ಚಿಸಲಾಗದು. ಮೂಗಿನ ಹಿತವೂ ಗೋಡೆಯ ಹಿತವೂ ಪರಸ್ಪರ ವಿರುದ್ಧವಾಗಿರುವುದರಿಂದ ಪ್ರತಿಸಲವೂ ಹವೆಯ ವರದಿಯನ್ನು ನೋಡಿ ಯಂತ್ರದ ತಿರುಗಣೆಯನ್ನು ಹೊಂದಿಸಬೇಕೇ ಹೊರತು ಚಳಿಗಾಲದ ಆದಿಯಲ್ಲಿ ಒಮ್ಮೆ ತಿರುಗಿಸಿ ಮರೆತುಬಿಡತಕ್ಕದ್ದಲ್ಲ. ಸಾಂಬಾರಿನ ಪಾತ್ರೆಗೆ ಮುಚ್ಚಳ ಹಾಕುವುದೂ, ಒಲೆಯ ಮೇಲಿನ ಹೊಗೆ ಹೀರುವ ಪಂಖವನ್ನು ನಡೆಸುವುದೂ, ಸ್ನಾನದ ಮನೆಯ ಪಂಖವನ್ನು ಸ್ನಾನವಾದ ಮೇಲೂ ಸ್ವಲ್ಪ ಹೊತ್ತು ಬಿಟ್ಟಿರುವುದೂ ಇದೇ ಲೆಕ್ಕಕ್ಕೆ ಸೇರಿದ ಕ್ರಮಗಳು. ರಾತ್ರಿಯೆಲ್ಲ ಕಾರಿನಲ್ಲಿ ಉಳಿದುಹೋದ ಲ್ಯಾಪ್‌ಟಾಪನ್ನು ಒಳಗೆ ತಂದ ಕೂಡಲೇ ಚೀಲದಿಂದ ತೆಗೆಯಬಾರದೆಂಬುದಕ್ಕೂ ಇಬ್ಬನಿ ಬಿಂದುವೇ ಕಾರಣ. ಚೀಲದೊಳಗೇ ಅದು ನಿಧಾನವಾಗಿ ಬೆಚ್ಚಗಾಗಲಿ.

ಕಿಟಕಿಯ ಮೇಲಿನ ನೀರು ಕಣ್ಣಿಗೆ ಕಾಣುವುದರಿಂದ ಅದು ಒಂದು ರೀತಿಯಲ್ಲಿ ಉಪಕಾರಿ. ಕಾಣದಿರುವ ನೀರು ಗೋಡೆಯೊಳಗಿನದು. ಬೆಚ್ಚನೆಯ ತೇವದ ಗಾಳಿ ಗೋಡೆಯ ಬಿರುಕುಗಳಲ್ಲಿ ನುಸುಳಿ ಹೊರಗಿನ ಚಳಿಯತ್ತ ಸಾಗುವಾಗ ದಾರಿಯಲ್ಲಿ ಎಲ್ಲಿಯೋ ಇಬ್ಬನಿ ಬಿಂದುವನ್ನೂ, ಇನ್ನೂ ಮುಂದೆ ಸೊನ್ನೆಯ ಗೆರೆಯನ್ನೂ ಸಂಧಿಸಿ, ಉಷ್ಣನಿರೋಧಕ ನಾರಿನೊಳಗೇ ಹನಿಯಾಗಿ, ಹಿಮವಾಗಿ ಕುಳಿತುಕೊಳ್ಳುತ್ತದೆ. ಆದಕಾರಣ ಆ ನಾಡಿನವರು ನಿರೋಧಕದ ಒಳಬದಿಗೆ, ಎಂದರೆ ಬೆಚ್ಚನೆಯ ಕಡೆಗೆ, ಆವಿ ದಾಟದಂತಹ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುತ್ತಾರೆ. ಹೊರಗಡೆ ಸೆಕೆಯೂ ತೇವವೂ ಇದ್ದು ಒಳಗೆ ಯಂತ್ರದಿಂದ ತಂಪು ಮಾಡಿದ ಕಟ್ಟಡದಲ್ಲಿ ಇದೇ ಹಾಳೆಯನ್ನು ಇದೇ ಬದಿಗೆ ಹಾಕಿದರೆ ಕೆಲಸ ಕೆಡುತ್ತದೆ. ಅಲ್ಲಿ ಆವಿ ಹೊರಗಿನಿಂದ ಒಳಕ್ಕೆ ಬರುವುದಷ್ಟೆ. ಒಂದು ದೇಶದ ಕಟ್ಟಡದ ಪದ್ಧತಿಯನ್ನು ಮತ್ತೊಂದು ದೇಶಕ್ಕೆ ಕಣ್ಣುಮುಚ್ಚಿ ತರಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಅರಿಯೆ.

ಮಾಡಿನ ಮೇಲೆ ನಡೆಯುವ ವ್ಯಾಪಾರ ಇನ್ನೂ ಸ್ವಾರಸ್ಯವಾದುದು. ಸೂರಿನಿಂದ ಸಾಲುಸಾಲಾಗಿ ಇಳಿಬಿದ್ದ ಹಿಮದ ಕೋಲುಗಳು ಬೆಳಗಿನ ಬಿಸಿಲಿನಲ್ಲಿ ಸ್ಫಟಿಕದಂತೆ ಹೊಳೆಯುವುದನ್ನು ಕಂಡು ಹೊಸಬರು ಮುಗ್ಧರಾಗಿ ಭಾವಚಿತ್ರ ತೆಗೆದು ಊರಿಗೆ ಕಳುಹಿಸುವುದುಂಟು. ಅನುಭವಸ್ಥನಾದ ಬಡಗಿಗೆ ಅದು ಮನೆಯ ರೋಗಲಕ್ಷಣ. ಹೊಸದಾಗಿ ಬಿದ್ದ ಹಿಮದ ಬಹುಭಾಗ ಗಾಳಿಯೇ ಆದುದರಿಂದ ಮಾಡಿನ ಮೇಲಿನ ಹಿಮರಾಶಿ ಉತ್ತಮವಾದ ಉಷ್ಣನಿರೋಧಕ. ಮನೆಯೊಳಗಿನ ಬಿಸಿ ಅಟ್ಟಕ್ಕೆ ಸೋರಿ ಮಾಡಿನ ಹಲಗೆಗಳನ್ನು ಸೊನ್ನೆಗಿಂತ ಮೇಲಕ್ಕೆ ಬೆಚ್ಚಗೆ ಮಾಡಿದಾಗ, ಹೊರಗೆ ಕಡುಚಳಿಯಿದ್ದರೂ ಹಿಮದ ತಳಭಾಗ ಕರಗಿ ನೀರಾಗಿ ಇಳಿಜಾರಿನಲ್ಲಿ ಹರಿಯುತ್ತದೆ. ಗೋಡೆಯಿಂದ ಹೊರಚಾಚಿದ ಸೂರಿನ ಕೆಳಗೆ ಬೆಚ್ಚನೆಯ ಅಟ್ಟವಿಲ್ಲ. ಅಲ್ಲಿಗೆ ಬಂದ ನೀರು ಮರಳಿ ಹೆಪ್ಪುಗಟ್ಟಿ, ದಿನದಿನಕ್ಕೆ ಬೆಳೆದು, ಅಣೆಕಟ್ಟಾಗಿ ನಿಲ್ಲುತ್ತದೆ. ಅದರ ಹಿಂದೆ ನಿಂತ ನೀರಿಗೆ ಹೋಗಲು ಬೇರೆ ದಾರಿಯಿಲ್ಲದೆ ಅದು ಮಾಡಿನ ಹೊದಿಕೆಯ ಅಡಿಗೆ ಏರಿ ಒಳಗೆ ಸೋರುತ್ತದೆ. ಮಳೆಯೇ ಇಲ್ಲದ ಜನವರಿಯಲ್ಲಿ ಮಲಗುವ ಕೋಣೆಯ ಮಾಳಿಗೆಯಿಂದ ನೀರು ತೊಟ್ಟಿಕ್ಕುವ ಈ ವಿಚಿತ್ರಕ್ಕೆ ಮಾಡನ್ನು ರಿಪೇರಿ ಮಾಡಿಸುವುದು ಪರಿಹಾರವಲ್ಲ. ಕೊಡಲಿಯಿಂದ ಗಡ್ಡೆಯನ್ನು ಒಡೆಯಹೊರಡುವುದಂತೂ ಮಾಡಿಗೂ ಪ್ರಾಣಕ್ಕೂ ಹಾನಿಕರ. ಅಟ್ಟದ ನೆಲದಲ್ಲಿ ದೀಪದ ಕಂಡಿಗಳ, ವಿದ್ಯುತ್ ತಂತಿಗಳ, ನೀರಿನ ಕೊಳವೆಗಳ ಸುತ್ತಲಿರುವ ಸಂದಿಗಳನ್ನು ಒಂದೊಂದಾಗಿ ಹುಡುಕಿ ಮುಚ್ಚಿ, ಅದರ ಮೇಲೆ ಒಂದಡಿಗೂ ಮೀರಿದ ದಪ್ಪದ ನಿರೋಧಕವನ್ನು ಹಾಸಿ, ಅಟ್ಟದೊಳಗೆ ಹೊರಗಿನ ಚಳಿಗಾಳಿ ಸೂರಿನಿಂದ ನೆತ್ತಿಯವರೆಗೆ ಧಾರಾಳವಾಗಿ ಆಡುವಂತೆ ಬಿಟ್ಟರೆ ಮಾಡು ತಣ್ಣಗೆ ಉಳಿಯುತ್ತದೆ, ಹಿಮವು ಹಿಮವಾಗಿಯೇ ಇರುತ್ತದೆ. ಹಿಮ ಬಿದ್ದ ಮರುದಿನ ಬೀದಿಯಲ್ಲಿ ನಿಂತು ಮನೆಗಳ ಮಾಡುಗಳನ್ನು ಹೋಲಿಸಿ ನೋಡಿದರೆ ಯಾರ ಮನೆಯ ಬಿಸಿ ಎಲ್ಲಿ ವ್ಯರ್ಥವಾಗುತ್ತಿದೆಯೆಂಬುದನ್ನು ಕರಗಿದ ಹಿಮದ ಕಲೆಗಳೇ ಬರೆದು ತೋರಿಸುತ್ತವೆ.

ನೆಲದಲ್ಲಿಯೂ ಇದೇ ಗೆರೆ. ಚಳಿ ಮಣ್ಣಿನೊಳಗೆ ವಾರವಾರಕ್ಕೂ ಇಳಿಯುತ್ತ ಹೋಗುತ್ತದೆ. ಆದುದರಿಂದ ಮಿನೆಸೋಟದ ಕಟ್ಟಡದ ನಿಯಮಗಳು ತಳಪಾಯವನ್ನು ರಾಜ್ಯದ ದಕ್ಷಿಣಭಾಗದಲ್ಲಿ 42 ಅಂಗುಲ, ಉತ್ತರಭಾಗದಲ್ಲಿ 60 ಅಂಗುಲ ಆಳಕ್ಕೆ ಇಳಿಸಬೇಕೆಂದು ವಿಧಿಸಿವೆ. ಅಷ್ಟು ಆಳಕ್ಕೆ ಅಗೆದ ಮೇಲೆ ಇನ್ನಷ್ಟು ಅಗೆದು ಒಂದು ನೆಲಮಾಳಿಗೆಯನ್ನೇ ಕಟ್ಟಿಬಿಡುವುದು ಹೆಚ್ಚಿನ ವೆಚ್ಚವಲ್ಲವಾದ ಕಾರಣ ಅಲ್ಲಿ ಮನೆಮನೆಗೂ ಬೇಸ್‌ಮೆಂಟು. ಬೀದಿಯ ನೀರಿನ ಕೊಳವೆಗಳು ಏಳೆಂಟು ಅಡಿ ಆಳದಲ್ಲಿ ಮಲಗಿವೆ. ಮನೆಯೊಳಗೆ ಹೊರಗೋಡೆಗೆ ತಾಗಿ ಹೋದ ಕೊಳವೆ, ಅಡುಗೆಮನೆಯ ತೊಟ್ಟಿಯ ಕೆಳಗಿನ ಕತ್ತಲೆಯ ಕಪಾಟಿನಲ್ಲಿರುವ ಕೊಳವೆ, ಇವುಗಳಿಗೆ ಭಯವುಂಟು. ನೀರು ಮಂಜುಗಡ್ಡೆಯಾಗುವಾಗ ಶೇಕಡ 9ರಷ್ಟು ಹಿಗ್ಗುತ್ತದೆಂಬುದನ್ನು ನಾವೆಲ್ಲರೂ ಓದಿದ್ದೇವೆ. ಗಡ್ಡೆ ಇದ್ದಲ್ಲಿಯೇ ಕೊಳವೆ ಒಡೆಯುತ್ತದೆಂದು ಇದರಿಂದ ಊಹಿಸುವುದೂ ಸಹಜ. ಬಹುವೇಳೆ ಹಾಗಾಗುವುದಿಲ್ಲ. ಕೊಳವೆಯಲ್ಲಿ ಒಂದೆಡೆ ಗಡ್ಡೆ ಕಟ್ಟಿ ಬೆಳೆಯತೊಡಗಿದರೆ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ದ್ರವರೂಪದ ನೀರಿಗೆ ಹಿಂದೆ ಸರಿಯಲು ಎಡೆಯಿಲ್ಲದಾಗುತ್ತದೆ. ನೀರು ಅದುಮಿದರೆ ಕುಗ್ಗುವ ವಸ್ತುವಲ್ಲವಾದುದರಿಂದ ಅದರ ಒತ್ತಡ ಬೆಳೆದು ಬೆಳೆದು, ಗಡ್ಡೆಯಿಂದ ಎಷ್ಟೋ ದೂರದಲ್ಲಿರುವ ದುರ್ಬಲವಾದ ಸಂದಿಯಲ್ಲಿ ಕೊಳವೆ ಬಿರಿಯುತ್ತದೆ. ಕಡುಚಳಿಯ ರಾತ್ರಿಯಲ್ಲಿ ನಲ್ಲಿಯನ್ನು ಹನಿಹನಿಯಾಗಿ ತೊಟ್ಟಿಕ್ಕುವಂತೆ ಬಿಡಬೇಕೆನ್ನುವ ಅಲ್ಲಿನ ಹಳಬರ ಮಾತಿನ ಮರ್ಮ ಇದರಲ್ಲಿದೆ. ಹರಿಯುವ ನೀರು ಹೆಪ್ಪುಗಟ್ಟದೆಂಬುದಕ್ಕಿಂತ, ತೆರೆದ ನಲ್ಲಿ ಒತ್ತಡಕ್ಕೆ ದಾರಿ ಕೊಡುತ್ತದೆಂಬುದೇ ಮುಖ್ಯ. ಕಪಾಟಿನ ಬಾಗಿಲನ್ನು ತೆರೆದಿಟ್ಟು ಕೋಣೆಯ ಬಿಸಿಯನ್ನು ಒಳಗೆ ಬಿಡುವುದೂ, ಮನೆಗೆ ನೀರು ಬರುವ ಮುಖ್ಯ ತಿರುಪು ಎಲ್ಲಿದೆಯೆಂಬುದನ್ನು ಹೆಂಡತಿ ಮಕ್ಕಳಿಗೂ ತೋರಿಸಿಕೊಟ್ಟಿರುವುದೂ, ಡಿಸೆಂಬರಿನಲ್ಲಿ ಊರಿಗೆ ಹೊರಡುವಾಗ ಆ ತಿರುಪನ್ನು ಮುಚ್ಚಿ ಹೋಗುವುದೂ ಎಲ್ಲರೂ ಮಾಡಬಹುದಾದ ಕೆಲಸಗಳು.

ಮನೆಯನ್ನು ಬೆಚ್ಚಗಿಡುವ ಫರ್ನೇಸಿನಲ್ಲಿಯೂ ನೀರೇ. ಅಲ್ಲಿ ಉರಿಯುವ ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಒಂದು ಕಿಲೋಗ್ರಾಂ ಮೀಥೇನ್ ಪೂರ್ಣವಾಗಿ ಉರಿದರೆ ಎರಡೂಕಾಲು ಕಿಲೋಗ್ರಾಂ ನೀರು ಹುಟ್ಟುತ್ತದೆ. ಮುಂಜಾನೆ ಮನೆಗಳ ಮೇಲೆ ಏಳುವ ಬಿಳಿಯ ಹೊಗೆ ವಾಸ್ತವವಾಗಿ ಹೊಗೆಯಲ್ಲ, ಸಾಂದ್ರೀಕರಿಸಿದ ನೀರಾವಿ. ಆ ಆವಿಯೊಡನೆ ಇಂಧನದ ಒಟ್ಟು ಶಾಖದ ಹತ್ತನೆಯ ಒಂದು ಭಾಗ ಗುಪ್ತೋಷ್ಣವಾಗಿ ಹೊರಟುಹೋಗುತ್ತದೆ. ಅದನ್ನು ಬಿಡದೆ ಒಳಗೇ ತಣಿಸಿ ನೀರಾಗಿಸಿ ಶಾಖವನ್ನು ಹಿಂದಕ್ಕೆ ಪಡೆಯುವ ಹೊಸ ಬಗೆಯ ಫರ್ನೇಸುಗಳ ನಿಷ್ಕಾಸದ ಗಾಳಿ ಪ್ಲಾಸ್ಟಿಕ್ ಕೊಳವೆಯಲ್ಲಿ ಹೋಗಬಲ್ಲಷ್ಟು ತಣ್ಣಗಿರುತ್ತದೆ. ಗೋಡೆಯ ಬದಿಯಲ್ಲಿ ತಗ್ಗಾಗಿ ಹೊರಬಂದಿರುವ ಆ ಕೊಳವೆಯ ಬಾಯಿ ಹಿಮದಿಂದ ಮುಚ್ಚಿಹೋಗದಂತೆ ಪ್ರತಿ ಹಿಮಪಾತದ ತರುವಾಯ ಸಲಿಕೆ ಹಿಡಿದು ಬಿಡಿಸಬೇಕು. ದಾರಿ ಮುಚ್ಚಿದರೆ, ಇಲ್ಲವೆ ಉರಿ ಅಪೂರ್ಣವಾದರೆ, ಬಣ್ಣವಾಸನೆಗಳಿಲ್ಲದ ಇಂಗಾಲದ ಮೊನಾಕ್ಸೈಡ್ ಮನೆಯಲ್ಲಿ ಸೇರುವ ಸಂಭವವುಂಟು. ಪ್ರತಿಯೊಂದು ಮಲಗುವ ಕೋಣೆಯಿಂದ ಹತ್ತು ಅಡಿಯೊಳಗೆ ಇದರ ಎಚ್ಚರಿಕೆಯ ಗಂಟೆ ಇರತಕ್ಕದ್ದೆಂದು ಆ ರಾಜ್ಯದ ಶಾಸನವೇ ಹೇಳುತ್ತದೆ. ಬಾಡಿಗೆಯ ಮನೆಗೆ ಕಾಲಿಟ್ಟ ದಿನವೇ ಅದನ್ನು ಒತ್ತಿ ಪರೀಕ್ಷಿಸಬೇಕು.

ಮನೆಯಿಂದ ಹೊರಗೆ ಹೊರಟವನಿಗೆ ರೇಡಿಯೋದವರು ಎರಡು ಸಂಖ್ಯೆಗಳನ್ನು ಹೇಳುತ್ತಾರೆ, ಉಷ್ಣತೆಯೊಂದು, ಗಾಳಿಚಳಿಯೊಂದು. ಈ ಎರಡನೆಯದರ ಮೂಲದಲ್ಲಿಯೂ ನೀರಿನ ಡಬ್ಬಿಯೊಂದಿದೆ. ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು 1939ರಿಂದ 1941ರವರೆಗೆ ನಡೆದ ಅಮೆರಿಕದ ಅಂಟಾರ್ಕ್ಟಿಕ ಯಾತ್ರೆಯಲ್ಲಿ ಪ್ಲಾಸ್ಟಿಕ್ಕಿನ ಪಾತ್ರೆಯೊಂದರಲ್ಲಿ ನೀರನ್ನು ತುಂಬಿ ಗಾಳಿಗೆ ಒಡ್ಡಿ, ಬೇರೆ ಬೇರೆ ವೇಗದ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಅಳೆದು, ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದರು. 2001ರಲ್ಲಿ, ಮನುಷ್ಯರ ಮುಖದ ಮೇಲೆಯೇ ಮಾಡಿದ ಪ್ರಯೋಗಗಳ ಆಧಾರದಿಂದ ಆ ಸೂತ್ರವನ್ನು ತಿದ್ದಲಾಯಿತು. ಅದರ ಪ್ರಕಾರ ಮೈನಸ್ 20ರಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಮೈನಸ್ 33ರ ಅನುಭವ. ಇದು ಬರಿಯ ಶಾಖ ಕಳೆದುಕೊಳ್ಳುವ ವೇಗದ ಮಾತು. ಎಷ್ಟೇ ಗಾಳಿ ಬೀಸಿದರೂ ಯಾವ ವಸ್ತುವೂ ಸುತ್ತಲಿನ ಗಾಳಿಗಿಂತ ತಣ್ಣಗಾಗದು. ಆದಕಾರಣ ಸೊನ್ನೆಗಿಂತ ಒಂದು ಡಿಗ್ರಿ ಮೇಲಿರುವ ದಿನ ಗಾಳಿಚಳಿ ಮೈನಸ್ 6 ಎಂದು ಹೇಳಿದರೂ ಕಾರಿನ ಕೆಳಗಿನ ನೀರು ಹೆಪ್ಪುಗಟ್ಟುವುದಿಲ್ಲ. ಬಟ್ಟೆಯ ವಿಷಯದಲ್ಲಿ ಒಂದೇ ಮಾತು: ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು. ನಮಗೆ ಹತ್ತಿಯ ಮೇಲಿರುವ ಪ್ರೀತಿ, ಅದು ಬೆವರನ್ನು ಹೀರಿ ಮೈಯನ್ನು ತಂಪಾಗಿಡುತ್ತದೆಂಬ ಕಾರಣದಿಂದಲೇ ಹುಟ್ಟಿದ್ದು; ಹಿಮವನ್ನು ಸಲಿಕೆಯಿಂದ ಎತ್ತಿ ಬೆವರಿದವನ ಒದ್ದೆಯಾದ ಹತ್ತಿಯ ಬನಿಯನ್ನು ಅದೇ ಗುಣದಿಂದ ಅವನಿಗೆ ಶತ್ರುವಾಗುತ್ತದೆ, ಏಕೆಂದರೆ ನೀರು ನಿಶ್ಚಲವಾದ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮೀರಿ ಶಾಖವನ್ನು ಸಾಗಿಸುತ್ತದೆ. ಉಣ್ಣೆಯಾದರೋ ತೇವವಾದರೂ ತನ್ನೊಳಗಿನ ಗಾಳಿಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ.

ಅಡುಗೆಮನೆಯನ್ನು ಬಿಟ್ಟು ಮುಂದೆ ಹೋಗಲಾರೆ. ಊರಿನಿಂದ ತಂದ 230 ವೋಲ್ಟಿನ ಮಿಕ್ಸರಿಗೆ ಅಲ್ಲಿನ 120 ವೋಲ್ಟ್ ಸಾಲದು, ವೋಲ್ಟನ್ನು ಏರಿಸುವ ಪರಿವರ್ತಕ ಬೇಕು. ರುಬ್ಬುವ ಯಂತ್ರದ ಪ್ರೇರಣ ಮೋಟಾರಿಗೆ ಪರಿವರ್ತಕವಿದ್ದರೂ ಅಲ್ಲಿನ 60 ಆವರ್ತಗಳ ವಿದ್ಯುತ್ತಿನಲ್ಲಿ ವೇಗ ಐದನೆಯ ಒಂದು ಭಾಗ ಹೆಚ್ಚುತ್ತದೆ. ಇಷ್ಟೆಲ್ಲ ಸಾಹಸ ಮಾಡಿ ರುಬ್ಬಿದ ಹಿಟ್ಟು ಬೆಳಗಾದರೂ ಉಬ್ಬದೆ ಇದ್ದಾಗ ಗೃಹಿಣಿಗೆ ಆಗುವ ನಿರಾಶೆಯನ್ನು ಬಲ್ಲವರೇ ಬಲ್ಲರು. ಇಡ್ಲಿಯ ಹಿಟ್ಟನ್ನು ಉಬ್ಬಿಸುವ ಅನಿಲವನ್ನು ಉತ್ಪಾದಿಸುವುದರಲ್ಲಿ ಲ್ಯುಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಜೀವಾಣು ಪ್ರಧಾನವಾದುದೆಂಬ ಸಂಶೋಧನೆ ಪ್ರಕಟವಾದದ್ದು 1965ರಲ್ಲಿ. ಹಾಗೆ ತೋರಿಸಿಕೊಟ್ಟವರಲ್ಲಿ ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಊರಿನಲ್ಲಿ, ಕಾರ್ನೆಲ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ, ಕೆಲಸ ಮಾಡುತ್ತಿದ್ದ ಸ್ಟೈನ್‌ಕ್ರಾಸ್ ಒಬ್ಬರು. ನಮ್ಮ ಅಜ್ಜಿಯಂದಿರ ಹಿಟ್ಟಿನ ಗುಟ್ಟು ಹಿಮ ಬೀಳುವ ಊರಿನ ಸೂಕ್ಷ್ಮದರ್ಶಕದಡಿಯಲ್ಲಿ ಬಿಚ್ಚಿಕೊಂಡಿತೆಂಬುದು ನನಗೆ ಸಂತೋಷವನ್ನು ಕೊಡುವ ಸಂಗತಿ. ಉದ್ದಿನ ಬೇಳೆಯ ಮೇಲೆಯೇ ಇರುವ ಈ ಜೀವಾಣುಗಳಿಗೆ 30 ಡಿಗ್ರಿಯ ಹತ್ತಿರದ ಬೆಚ್ಚನೆ ಬೇಕು. 20 ಡಿಗ್ರಿಯ ಮನೆಯಲ್ಲಿ ಅವು ಸಾಯವು, ಬರಿದೆ ಮಂದವಾಗುತ್ತವೆ. ಹಿಟ್ಟಿನ ಪಾತ್ರೆಯನ್ನು ಉರಿಸದೆ ಇರುವ ಓವನ್ನಿನಲ್ಲಿಟ್ಟು ಒಳಗಿನ ಸಣ್ಣ ದೀಪವನ್ನು ಮಾತ್ರ ಹೊತ್ತಿಸಿಟ್ಟರೆ ಆ ಬಲ್ಬಿನ ಶಾಖವೇ ಸಾಕಾಗುತ್ತದೆ. ಆದರೆ ಓವನ್ನಿನ ಬಾಗಿಲಿಗೆ ಒಂದು ಚೀಟಿಯನ್ನು ಅಂಟಿಸಿಡುವುದು ಒಳಿತು; ಒಳಗೆ ಪಾತ್ರೆಯಿರುವುದನ್ನು ಅರಿಯದೆ ಮತ್ತೊಬ್ಬರು ಅದನ್ನು ಕಾಯಿಸತೊಡಗಿದರೆ ಜೀವಾಣುಗಳೂ ಬೆಳಗಿನ ಉಪಾಹಾರವೂ ಒಟ್ಟಿಗೆ ಕೊನೆಗಾಣುತ್ತವೆ.

ಇನ್ನು ಕೆರೆಗಳು. ಹತ್ತು ಎಕರೆಗೂ ಮೀರಿದ ವಿಸ್ತಾರವುಳ್ಳ ಕೆರೆಗಳು ಆ ರಾಜ್ಯದಲ್ಲಿ 11,842 ಇವೆ. ಮಿನಿಯಾಪೊಲಿಸ್ ನಗರದ ನಡುವೆಯೇ ಬಿಡೆ ಮಕಾ ಸ್ಕಾ ಮುಂತಾದ ಸರೋವರಗಳು ಜನವಸತಿಯ ಮಧ್ಯೆ ಹರಡಿಕೊಂಡಿವೆ. ಡಿಸೆಂಬರಿನಲ್ಲಿ ಅವುಗಳ ಮೇಲೆ ಮಂಜುಗಡ್ಡೆ ಕಟ್ಟಿ, ಕೆಳಗೆ ಮೀನುಗಳು ಬದುಕಿರುತ್ತವೆ. ಬಹುತೇಕ ದ್ರವಗಳು ತಣ್ಣಗಾದಷ್ಟೂ ಸಾಂದ್ರವಾಗುತ್ತ ಹೋಗುತ್ತವೆ. ನೀರು ಮಾತ್ರ 4 ಡಿಗ್ರಿಯವರೆಗೆ ಸಾಂದ್ರವಾಗಿ ಅನಂತರ ಮರಳಿ ಹಗುರಾಗತೊಡಗುತ್ತದೆ. ಶರತ್ಕಾಲದಲ್ಲಿ ಮೇಲ್ಭಾಗದ ನೀರು ತಣಿದು 4 ಡಿಗ್ರಿಗೆ ಇಳಿದಂತೆಲ್ಲ ಭಾರವಾಗಿ ಮುಳುಗಿ, ಮೇಲಿನ ಪ್ರಾಣವಾಯುವನ್ನು ತಳಕ್ಕೆ ಒಯ್ದು, ಕೆರೆಯೆಲ್ಲ ಒಮ್ಮೆ ಅಡಿಮೇಲಾಗುತ್ತದೆ. ಅದಕ್ಕಿಂತಲೂ ತಣ್ಣಗಾದ ನೀರು ಹಗುರಾಗಿ ಮೇಲೆಯೇ ನಿಂತು ಹೆಪ್ಪುಗಟ್ಟಿ, ಕೆಳಗಿನ ನೀರಿಗೆ ಹೊದಿಕೆಯಾಗುತ್ತದೆ. ಈ ವಿಲಕ್ಷಣ ಗುಣವೂ, ಗಡ್ಡೆಯಾದಾಗ ಹಿಗ್ಗಿ ಹಗುರಾಗಿ ತೇಲುವ ಗುಣವೂ ನೀರಿಗೆ ಇಲ್ಲದಿದ್ದರೆ ಕೆರೆಗಳು ತಳದಿಂದ ಮೇಲಕ್ಕೆ ಗಡ್ಡೆಯಾಗಿ ಶೀತಪ್ರದೇಶದ ಜಲಚರಗಳು ಬದುಕುವುದು ಬಹಳ ಕಷ್ಟವಾಗುತ್ತಿತ್ತು. ನಾನು ಎಷ್ಟು ಸಲ ಆಲೋಚಿಸಿದರೂ ವಿಸ್ಮಯ ಕಡಮೆಯಾಗದ ವಿಷಯವಿದು. ಆ ಗಡ್ಡೆಯ ಮೇಲೆ ನಡೆಯಬಯಸುವವರಿಗೆ ರಾಜ್ಯದ ಪ್ರಕೃತಿ ಸಂಪನ್ಮೂಲ ಇಲಾಖೆಯವರು ಹೇಳುವ ಪ್ರಮಾಣ, ಹೊಸದಾದ ತಿಳಿಗಡ್ಡೆ ಕನಿಷ್ಠಪಕ್ಷ 4 ಅಂಗುಲವಿರಬೇಕೆಂದು; ಸಣ್ಣ ಕಾರಿಗೆ 9-10 ಅಂಗುಲ ಬೇಕು; ಹಿಮ ಬೆರೆತ ಬಿಳಿಯ ಗಡ್ಡೆಯಾದರೆ ಇದರ ಇಮ್ಮಡಿ. ತೊರೆ ಬಂದು ಸೇರುವ ಕಡೆಯಲ್ಲಿ ಇವು ಯಾವುವನ್ನೂ ನಂಬತಕ್ಕದ್ದಲ್ಲ.

ಈ ಕೆರೆಗಳಿಗೆ ಈಗ ನಾವೇ ಒಂದು ಕೇಡನ್ನು ತಂದೊಡ್ಡುತ್ತಿದ್ದೇವೆ. ದಾರಿಯ ಮೇಲಿನ ಗಡ್ಡೆಯನ್ನು ಕರಗಿಸಲು ಎರಚುವ ಉಪ್ಪು ಸೊನ್ನೆಯ ಗೆರೆಯನ್ನೇ ಕೆಳಕ್ಕೆ ಸರಿಸುತ್ತದೆ. ಹದವಾದ ಮಿಶ್ರಣದಲ್ಲಿ ಉಪ್ಪುನೀರು ಮೈನಸ್ 21ರವರೆಗೂ ದ್ರವವಾಗಿರಬಲ್ಲದೆಂದು ಪ್ರಯೋಗಶಾಲೆ ಹೇಳಿದರೂ, ಬೀದಿಯ ವ್ಯವಹಾರದಲ್ಲಿ ಮೈನಸ್ 9ಕ್ಕಿಂತ ಕೆಳಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಎರಚಿದ ಉಪ್ಪಿನ ಬಹುಭಾಗ ಎಲ್ಲಿಗೂ ಹೋಗುವುದಿಲ್ಲ. ಮಿನಿಯಾಪೊಲಿಸ್ಸೂ ಅದರ ಅವಳಿನಗರವೂ ಸೇರಿದ ಪ್ರದೇಶದಲ್ಲಿ ಹಾಕಿದ ಉಪ್ಪಿನಲ್ಲಿ ಸುಮಾರು ಶೇಕಡ 70 ಭಾಗ ಅಲ್ಲಿಯ ನೆಲಜಲಗಳಲ್ಲಿಯೇ ಉಳಿಯುತ್ತದೆಂದು ಮಿನೆಸೋಟ ವಿಶ್ವವಿದ್ಯಾನಿಲಯದ ಸೇಂಟ್ ಆಂಥೊನಿ ಫಾಲ್ಸ್ ಪ್ರಯೋಗಶಾಲೆಯವರು ಲೆಕ್ಕ ಹಾಕಿದ್ದಾರೆ. ಉಪ್ಪಿನಿಂದ ಭಾರವಾದ ನೀರು ಕೆರೆಯ ತಳವನ್ನು ಸೇರಿ, ವಸಂತದಲ್ಲಿಯೂ ಶರತ್ತಿನಲ್ಲಿಯೂ ಕೆರೆ ಅಡಿಮೇಲಾಗುವ ಆ ಪುರಾತನ ಕ್ರಮಕ್ಕೆ ಅಡ್ಡಿಯಾಗುತ್ತದೆ. ತಳಕ್ಕೆ ಪ್ರಾಣವಾಯು ಮುಟ್ಟುವುದಿಲ್ಲ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಎಂದರೆ ಸುಮಾರು 19 ಲೀಟರ್ ನೀರನ್ನು ಕೆಡಿಸಬಲ್ಲದೆಂದು ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಮನೆಯವರಿಗೆಲ್ಲ ಸಾರುತ್ತಿದೆ; ಒಮ್ಮೆ ಕರಗಿದ ಕ್ಲೋರೈಡನ್ನು ಕೆರೆಯಿಂದ ಹೊರತೆಗೆಯುವ ಸುಲಭೋಪಾಯ ಯಾವುದೂ ಇಲ್ಲ. ಬೆಳಗ್ಗೆ ಕಚೇರಿಗೆ ಓಡುವ ಅವಸರದಲ್ಲಿ ಮೆಟ್ಟಿಲ ಮೇಲೆ ಮುಷ್ಟಿಮುಷ್ಟಿಯಾಗಿ ಉಪ್ಪು ಸುರಿಯುವ ಅಭ್ಯಾಸವನ್ನು ನಮ್ಮವರೂ ಬೇಗನೆ ಕಲಿತುಬಿಡುತ್ತಾರೆ. ಹಿಮ ತುಳಿದು ಗಟ್ಟಿಯಾಗುವ ಮುನ್ನವೇ ಸಲಿಕೆಯಿಂದ ತೆಗೆದುಹಾಕಿದವನಿಗೆ ಉಪ್ಪು ಬೇಕಾಗುವುದೇ ಅಪರೂಪ. ಬೇಕಾದಾಗಲೂ 20 ಅಡಿಯ ಕಾರಿನ ದಾರಿಗೆ ಕಾಫಿ ಕುಡಿಯುವ ದೊಡ್ಡ ಲೋಟವೊಂದರಷ್ಟು ಸಾಕು, ಕಾಳುಗಳು ಒಂದಕ್ಕೊಂದು ತಾಗದಂತೆ ಎರಚಬೇಕು, ಮೈನಸ್ 9ಕ್ಕಿಂತ ಚಳಿ ಹೆಚ್ಚಿದ ದಿನ ಉಪ್ಪಿನ ಬದಲು ಕಾಲು ಜಾರದಿರಲೆಂದು ಮರಳನ್ನು ಹಾಕಬೇಕು, ಮತ್ತು ಗಡ್ಡೆ ಕರಗಿ ದಾರಿ ಒಣಗಿದ ಮೇಲೆ ಅಲ್ಲಿ ಉಳಿದ ಉಪ್ಪಿನ ಕಾಳುಗಳನ್ನು ಪೊರಕೆಯಿಂದ ಗುಡಿಸಿ ಮುಂದಿನ ಹಿಮಪಾತಕ್ಕೆಂದು ಡಬ್ಬಿಗೆ ತುಂಬಿಡಬೇಕು.